ಸಕ್ಕರೆ ಸುಟ್ಟರೆ ಲೆಕ್ಕ ಎಷ್ಟು?

ರಾಸಾಯನಿಕ ಸಮೀಕರಣ ಸರಿದೂಗಿಸಲು, ಅಂದರೆ ಎಡಕ್ಕೂ ಬಲಕ್ಕೂ ಪರಮಾಣುಗಳ ಲೆಕ್ಕ ಒಂದೇ ಮಾಡಲು, ಬಾಯಿಪಾಠ ಬೇಕಿಲ್ಲ, ಎಣಿಸಲು ಬಂದರೆ ಸಾಕು. ಮಂಡ್ಯದವರಿಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗುವ ಕೆಲಸವೂ ಇಲ್ಲ, ಸಕ್ಕರೆಯನ್ನೇ ತೆಗೆದುಕೊಳ್ಳಿ. ಅದರ, ಅಂದರೆ ಸುಕ್ರೋಸ್‌ನ, ಒಂದು ಅಣುವಿನಲ್ಲಿ 12 ಕಾರ್ಬನ್, 22 ಹೈಡ್ರೋಜನ್, 11 ಆಕ್ಸಿಜನ್ ಪರಮಾಣುಗಳಿವೆ. ಗಾಳಿಯ ಆಕ್ಸಿಜನ್ ಸೇರಿ ಪೂರ್ತಿ ಉರಿದರೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಬರುತ್ತವೆ. ಉರಿಯುವುದನ್ನು ಎಡಗಡೆ, ಬರುವುದನ್ನು ಬಲಗಡೆ ಬರೆಯಿರಿ.

ಮೊದಲು ಕಾರ್ಬನ್. ಎಡಗಡೆ 12 ಇದೆ, ಹಾಗಾಗಿ ಬಲಗಡೆ ಕಾರ್ಬನ್ ಡೈಆಕ್ಸೈಡ್ ಮುಂದೆ 12 ಹಾಕಿ. ಹೈಡ್ರೋಜನ್ 22 ಇದೆ, ನೀರಿನ ಅಣುವಿಗೆ 2ರಂತೆ 11 ನೀರು. ಆಕ್ಸಿಜನ್ನನ್ನು ಕೊನೆಗೆ ಇಟ್ಟುಕೊಳ್ಳಿ. ಅನಿಲವಾಗಿ ಅದು ಒಂಟಿಯಾಗಿ ನಿಂತಿದೆ, ಅದರ ಸಂಖ್ಯೆ ಬದಲಿಸಿದರೆ ಬೇರೆ ಯಾವುದೂ ಕದಲುವುದಿಲ್ಲ. ಬಲಗಡೆ ಆಕ್ಸಿಜನ್ 24 + 11 = 35. ಸಕ್ಕರೆಯೊಳಗೇ 11 ಇದೆ, ಗಾಳಿಯಿಂದ ಬರಬೇಕಾದದ್ದು 24, ಅಣುವಿಗೆ 2ರಂತೆ 12 ಅಣು.

1 ಸಕ್ಕರೆ + 12 ಆಕ್ಸಿಜನ್ → 12 ಕಾರ್ಬನ್ ಡೈಆಕ್ಸೈಡ್ + 11 ನೀರು

ಎಡವುವುದು ಸಕ್ಕರೆಯೊಳಗಿನ ಆ 11 ಆಕ್ಸಿಜನ್‌ನಲ್ಲೇ. ಅದನ್ನು ಕಳೆಯದೆ 35ನ್ನು 2ರಿಂದ ಭಾಗಿಸಿದರೆ ಹದಿನೇಳೂವರೆ ಬರುತ್ತದೆ. ಭಿನ್ನರಾಶಿ ಬಂದದ್ದೇ ತಪ್ಪೇನಲ್ಲ. ಅಡುಗೆ ಅನಿಲದ ಬ್ಯುಟೇನ್ ಉರಿಯುವಾಗ ಆರೂವರೆ ಬರುವುದೇ ಸರಿ, ಇಡೀ ಸಮೀಕರಣವನ್ನು 2ರಿಂದ ಗುಣಿಸಿದರಾಯಿತು. ಆದರೆ ಅಣುಸೂತ್ರದೊಳಗಿನ ಚಿಕ್ಕ ಅಂಕಿಗೆ ಮಾತ್ರ ಕೈ ಹಾಕಬಾರದು. ನೀರಿನ ಆಕ್ಸಿಜನ್ನಿಗೆ 2 ಅಂಟಿಸಿದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್.

ಈಗ ತೂಕ. ಮುಂದಿರುವ ಸಂಖ್ಯೆಗಳು ಮೋಲ್‌ಗಳು, ಗ್ರಾಂ ಅಲ್ಲ. ಮೋಲ್ ಎಂದರೆ ಡಜನ್ ಇದ್ದ ಹಾಗೆ, ಅಣುಗಳನ್ನು ಎಣಿಸುವ ಅಳತೆ. ಒಂದು ಮೋಲ್ ಸಕ್ಕರೆ 342 ಗ್ರಾಂ, 12 ಮೋಲ್ ಆಕ್ಸಿಜನ್ 384 ಗ್ರಾಂ, ಕೂಡಿದರೆ 726. ಬಲಗಡೆ 528 + 198, ಅದೂ 726. ಇದು ತಾಳೆಯಾಗದಿದ್ದರೆ ಮುಂದಿನ ಲೆಕ್ಕ ಮಾಡುವುದೇ ದಂಡ.

ಒಂದು ಕಿಲೋ ಸಕ್ಕರೆ ಉರಿದರೆ ಕಾರ್ಬನ್ ಡೈಆಕ್ಸೈಡ್ ಎಷ್ಟು? 1000ವನ್ನು 342ರಿಂದ ಭಾಗಿಸಿ: 2.924 ಮೋಲ್. ಅದನ್ನು 12ರಿಂದ, ಆಮೇಲೆ 44ರಿಂದ (ಒಂದು ಮೋಲ್ ಕಾರ್ಬನ್ ಡೈಆಕ್ಸೈಡ್ 44 ಗ್ರಾಂ) ಗುಣಿಸಿದರೆ ಸುಮಾರು 1544 ಗ್ರಾಂ. ಕಿಲೋ ಸಕ್ಕರೆಯಿಂದ ಒಂದೂವರೆ ಕಿಲೋ ಅನಿಲ ಹೇಗೆ ಬಂತು ಎಂದು ಉತ್ತರ ಹೊಡೆದುಹಾಕಬೇಡಿ, ಹೆಚ್ಚಿನ ತೂಕ ಗಾಳಿಯ ಆಕ್ಸಿಜನ್ನಿನದು.

ಎರಡು ವಸ್ತುಗಳ ತೂಕವನ್ನೂ ಕೊಟ್ಟಿದ್ದರೆ ಯಾವುದು ಮೊದಲು ಮುಗಿಯುತ್ತದೆ ಎಂದು ನೋಡಲೇಬೇಕು. ಅದೇ ಲಿಮಿಟಿಂಗ್ ರಿಯೇಜೆಂಟ್. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲನ್ನು ತಿಳಿ ಮಾಡಲು ಸುಣ್ಣದ ಹಾಲು ಬೆರೆಸಿ ಸಲ್ಫರ್ ಡೈಆಕ್ಸೈಡ್ ಹಾಯಿಸುತ್ತಾರೆ. ಒಂದು ಮೋಲ್ ಅರಳಿದ ಸುಣ್ಣಕ್ಕೆ (74 ಗ್ರಾಂ) ಒಂದು ಮೋಲ್ ಅನಿಲ (64 ಗ್ರಾಂ) ಸೇರಿ ಕ್ಯಾಲ್ಸಿಯಂ ಸಲ್ಫೈಟ್ (120 ಗ್ರಾಂ) ಮತ್ತು ನೀರಾಗುತ್ತದೆ. ಎರಡೂ ನೂರು ನೂರು ಗ್ರಾಂ ಇದ್ದರೆ ಸಮಸಮ ಎನ್ನಿಸುತ್ತದೆ, ಆದರೆ ಸುಣ್ಣ 1.351 ಮೋಲ್, ಅನಿಲ 1.563 ಮೋಲ್. ಸುಣ್ಣ ಮೊದಲು ಖಾಲಿ. ಸಲ್ಫೈಟ್ ಸಿಗುವುದು 162 ಗ್ರಾಂ, ಮಿಕ್ಕುವ ಅನಿಲ ಸುಮಾರು ಹದಿಮೂರೂವರೆ ಗ್ರಾಂ.

ಸುಣ್ಣದ ಶುದ್ಧತೆ ಶೇ 85 ಎಂದು ಪ್ರಶ್ನೆಯಲ್ಲಿದ್ದರೆ 74ರಿಂದ ಭಾಗಿಸಬೇಕಾದದ್ದು 85ನ್ನು, 100ನ್ನಲ್ಲ. ಆಗ ಸಲ್ಫೈಟ್ 138 ಗ್ರಾಂಗೆ ಇಳಿಯುತ್ತದೆ.