ಶನಿವಾರದ ನಲವತ್ತು ನಿಮಿಷ

ನಾನು ಮುಂಬೈಯ ಒಂದು ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತೇನೆ. ಶನಿವಾರ ಕೊನೆಯ ಪಿರಿಯಡ್ ಮುಗಿದ ಮೇಲೆ, ಉಳಿಯುವ ಮನಸ್ಸಿದ್ದವರು ಕೂತು ಊರಿನ ಯಾವುದಾದರೂ ಒಂದು ಸಮಸ್ಯೆ ಮಾತಾಡುತ್ತೇವೆ. ಮೊದಮೊದಲು ಬರೀ ಕೂಗಾಟ, ಟಿವಿಯಲ್ಲಿ ನೋಡಿದ್ದೇ ಅದು ಅಲ್ವಾ. ಆಮೇಲೆ ಒಂದೇ ನಿಯಮ ಇಟ್ಟೆ: ಎದುರಿನವರ ಮಾತನ್ನು ಮೊದಲು ನೀನು ಹೇಳು, ಅವರು "ಹೌದು, ಅದೇ" ಅಂದ ಮೇಲೆ ಉತ್ತರ ಕೊಡು.

ಫುಟ್‌ಪಾತ್ ವ್ಯಾಪಾರಿಗಳ ವಿಷಯ ಬಂದ ದಿನ ಒಬ್ಬ ಹುಡುಗ 2017ರ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಕಾಲ್ತುಳಿತ ನೆನಪಿಸಿದ. ಮಳೆ, ಇಕ್ಕಟ್ಟಾದ ಮೆಟ್ಟಿಲು, 23 ಜನ ಸತ್ತರು. ಅದೇ ವರ್ಷ ಬಾಂಬೆ ಹೈಕೋರ್ಟ್, ಸ್ಟೇಷನ್ನಿನಿಂದ 150 ಮೀಟರ್ ಒಳಗೆ ಬೀದಿ ವ್ಯಾಪಾರ ಕೂಡದು ಅಂದಿತು. "ಜಾಗ ಬಿಡಲಿ, ಅಷ್ಟೇ" ಅಂದ.

ಕಲಬುರಗಿ ಕಡೆಯ ಒಬ್ಬ ಹುಡುಗಿ, ಹಿಂದಿ ತಡವರಿಸುತ್ತದೆ ಅಂತ ಅಷ್ಟು ತಿಂಗಳೂ ಸುಮ್ನೆ ಕೂತಿದ್ದವಳು, ಕೈ ಎತ್ತಿದಳು. "ಮೇಡಂ, ಕನ್ನಡದಾಗ ಹೇಳ್ಲೇನ್ರಿ?" ನಾನು ಹಿಂದಿಗೆ ತರುತ್ತಾ ಹೋದೆ. "ನಮ್ಮವ್ವ ಸ್ಟೇಷನ್ ಹೊರಗ ಕೊತ್ತಂಬರಿ ಮಾರ್ತಾಳ್ರಿ. ರೈಲು ಇಳದವ್ರು ಮನಿಗೆ ಹೋಗೋವಾಗ ಒಯ್ತಾರ. ಬ್ಯಾರೆ ಓಣಿಯಾಗ ಕುಂತ್ರ ಹುಡುಕ್ಕೊಂಡು ಯಾರು ಬರ್ತಾರ್ರಿ?"

ಈಗ ಅವನು ಅದನ್ನು ತಿರುಗಿ ಹೇಳಬೇಕಿತ್ತು. "ಇವರಿಗೆ ಬಡತನ ಇದೆ" ಅಂದ. ಅವಳು ತಲೆ ಅಲ್ಲಾಡಿಸಿದಳು. "ಬಡತನದ್ದಲ್ರಿ, ಗಿರಾಕಿದ್ದು." ಮೂರನೇ ಸಲಕ್ಕೆ ಸರಿಯಾಗಿ ಹೇಳಿದ. ಇಷ್ಟು ದಿನ ಅವಳನ್ನು ಕನ್ನಡದಲ್ಲಿ ಮಾತಾಡು ಅಂತ ನಾನೇ ಯಾಕೆ ಕೇಳಲಿಲ್ಲ ಅಂತ ನನಗೆ ತುಂಬಾ ಬೇಜಾರಾಯಿತು.

ಮುಂದಿನ ವಾರ ಇಬ್ಬರೂ ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಓದಿಕೊಂಡು ಬಂದಿದ್ದರು. ಊರಿನ ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ವೆಂಡಿಂಗ್ ಕಮಿಟಿಯಲ್ಲಿ ಕನಿಷ್ಠ ಶೇ 40 ಮಂದಿ ವ್ಯಾಪಾರಿಗಳೇ ಇರಬೇಕು, ಈಗಿರುವ ವ್ಯಾಪಾರಿಗಳ ಸರ್ವೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ ಅಂತ ಅದರಲ್ಲಿದೆ. ಯಾರೂ ಓದಿ ಅಂತ ಹೇಳಿರಲಿಲ್ಲ, ಇದಕ್ಕೆ ಮಾರ್ಕ್ಸೂ ಇಲ್ಲ. ಚರ್ಚಾಸ್ಪರ್ಧೆಯಲ್ಲಿ ಕೊಟ್ಟ ಪಕ್ಷ ಬಿಡುವ ಹಾಗಿಲ್ಲ. ಇಲ್ಲಿ ಗೆಲ್ಲೋದು ಸೋಲೋದು ಇಲ್ಲದ್ದರಿಂದ, ಮನಸ್ಸು ಬದಲಾದರೆ ಯಾರಿಗೂ ಅವಮಾನ ಅನ್ನಿಸುವುದಿಲ್ಲ.

ಆ ಸಂಜೆ ಐದಾರು ಮಂದಿ ದಾದರ್ ಪಶ್ಚಿಮಕ್ಕೆ ಹೋಗಿ 150 ಮೀಟರನ್ನು ಹೆಜ್ಜೆಯಲ್ಲಿ ಅಳೆದರು. ಸುಮಾರು ಇನ್ನೂರು ಹೆಜ್ಜೆ. ಆ ಹುಡುಗ ದಿನಾ ವಡಾಪಾವ್ ತಿನ್ನುವ ಗಾಡಿಯೂ ಅದರೊಳಗೇ ಇತ್ತು. ಅವನು ನೋಟ್‌ಬುಕ್ಕಿನಲ್ಲಿ ಅದನ್ನೂ ಗುರುತು ಹಾಕಿದ. ಅವಳು ಮಾತ್ರ ಮೆಟ್ಟಿಲ ಬುಡದಲ್ಲೇ ನಿಂತು, ಇಳಿದು ಬರುವ ಜನರನ್ನು ನೋಡುತ್ತಾ ಕೇಳಿದಳು: "ಇಲ್ಲಿ ಎಷ್ಟು ಜಾಗ ಖಾಲಿ ಬಿಟ್ರ ಸಾಕಾಗ್ತದ್ರಿ, ಮೇಡಂ?"