ಕ್ರೂಸ್ ಬುಕ್ ಮಾಡುವ ಮೊದಲು ನಾನು ಹಾಕಿದ ಲೆಕ್ಕ

ದುಬಾರಿ ಕ್ರೂಸ್ ಕಂಪನಿಗಳ ಬ್ರೋಷರ್‌ಗಳನ್ನು ಟೇಬಲ್ ಮೇಲೆ ಸಾಲಾಗಿ ಹರಡಿ ನೋಡಿ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಎಲ್ಲದರಲ್ಲೂ ಬಾಲ್ಕನಿ, ಎಲ್ಲದರಲ್ಲೂ ಸೂರ್ಯಾಸ್ತ, ಎಲ್ಲದರಲ್ಲೂ ಗ್ಲಾಸು ಹಿಡಿದು ನಗುವ ದಂಪತಿ. ವ್ಯತ್ಯಾಸ ಇರುವುದು ದರದಲ್ಲಿ, ಮತ್ತೆ ಅದರ ಕೆಳಗಿನ ಸಣ್ಣ ಅಕ್ಷರಗಳಲ್ಲಿ. ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿಕೊಂಡು ಬಂದವಳು. ಸಣ್ಣ ಅಕ್ಷರ ಓದದೆ ಸಹಿ ಹಾಕುವ ಜಾಯಮಾನವೇ ಅಲ್ಲ. ಹಾಗಾಗಿ ಅಕ್ಕ, ಭಾವ, ನಮ್ಮನೆಯವರು, ನಾನು ನಾಲ್ವರೂ ಅಥೆನ್ಸ್‌ನಿಂದ ವೆನಿಸ್‌ವರೆಗೆ ಹಡಗಿನಲ್ಲಿ ಹೋಗೋಣ ಅಂತ ಆದಾಗ ಕಂಪನಿ ಆರಿಸುವ ಕೆಲಸ ನನ್ನ ತಲೆಗೇ ಬಂತು.

ಈ ವರ್ಗದ ಹಡಗುಗಳಲ್ಲಿ ಒಬ್ಬರಿಗೆ ಒಂದು ರಾತ್ರಿಗೆ 500 ಡಾಲರ್ ದಾಟುವುದು ಮಾಮೂಲು. ಅದೂ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇದ್ದರೆ. ಇಷ್ಟು ದುಡ್ಡಿಗೆ ಏನೇನು ಸಿಗುತ್ತದೆ ಅಂತ ಕೇಳಿದರೆ ಎಲ್ಲ ಕಂಪನಿಯವರೂ 'ಎಲ್ಲವೂ ಸೇರಿದೆ' ಅನ್ನುತ್ತಾರೆ. ಆದರೆ ಒಬ್ಬರ 'ಎಲ್ಲ' ಇನ್ನೊಬ್ಬರ 'ಎಲ್ಲ' ಅಲ್ಲ.

ರೀಜೆಂಟ್ ಸೆವೆನ್ ಸೀಸ್‌ನಲ್ಲಿ ಊಟ, ಮದ್ಯ, ಟಿಪ್ಸ್, ವೈಫೈ ಮಾತ್ರವಲ್ಲ, ಪ್ರತಿ ಬಂದರಿನಲ್ಲೂ ಊರು ತೋರಿಸುವ ಟೂರುಗಳೂ ದರದಲ್ಲೇ ಸೇರಿರುತ್ತವೆ. ಕೆಲವು ವಿಶೇಷ ಟೂರುಗಳಿಗೆ ಮಾತ್ರ ಜಾಸ್ತಿ ಕೊಡಬೇಕು. ಸೀಬೋರ್ನ್ ಮತ್ತು ಎಕ್ಸ್‌ಪ್ಲೋರಾದಲ್ಲಿ ಮದ್ಯ, ಟಿಪ್ಸ್, ವೈಫೈ ಒಳಗೆ, ಟೂರುಗಳು ಹೊರಗೆ. ಸಿಲ್ವರ್‌ಸೀಯಲ್ಲಿ ಪ್ರತಿ ಸೂಟ್‌ಗೂ ಬಟ್ಲರ್, ಅಂದರೆ ಬೇಕಾದ್ದನ್ನು ನೋಡಿಕೊಳ್ಳುವ ಸಹಾಯಕ, ಇರುತ್ತಾರೆ. ನಾನು ನೋಡಿದಾಗ ಅಲ್ಲಿ ಬರೀ ಹಡಗಿಗೆ ಒಂದು ದರ, ಮನೆ ಬಾಗಿಲಿಂದ ಬಾಗಿಲಿಗೆ ವಿಮಾನವನ್ನೂ ಸೇರಿಸಿ ಇನ್ನೊಂದು ದರ ಇತ್ತು. ವೈಕಿಂಗ್‌ನಲ್ಲಿ ಪ್ರತಿ ಬಂದರಿಗೆ ಒಂದು ಟೂರು ಉಚಿತ, ಊಟದ ಜೊತೆ ಬಿಯರ್ ಮತ್ತು ವೈನ್ ಉಚಿತ, ಅಮೆರಿಕದ ದರಪಟ್ಟಿಯಲ್ಲಿ ಟಿಪ್ಸ್ ಬೇರೆ. ಓಷಿಯಾನಿಯಾದಲ್ಲಿ ಹಡಗಿನ ಎಲ್ಲ ರೆಸ್ಟೋರೆಂಟ್‌ಗಳೂ, 2025ರಿಂದ ಟಿಪ್ಸ್ ಕೂಡ ದರದಲ್ಲೇ ಇವೆ.

ಇದನ್ನೆಲ್ಲ ಓದಿ ಹೇಳಿದಾಗ ನಮ್ಮನೆಯವರು ಕೇಳಿದ್ದು ಒಂದೇ ಪ್ರಶ್ನೆ: "ನಾವು ಕುಡಿಯೋದು ಕಾಫಿ. ಅದಕ್ಕೆ ಶಾಂಪೇನ್ ದುಡ್ಡು ಯಾಕೆ ಕೊಡಬೇಕು?" ಭಾವನ ಮುಖದಲ್ಲಿ ಮಾತ್ರ ಬೇರೆಯೇ ಕಳೆ. ಅವರಿಗೆ ಸಂಜೆ ಎರಡು ಪೆಗ್ ವಿಸ್ಕಿ ಬೇಕೇ ಬೇಕು.

ಅಲ್ಲಿಂದ ನನ್ನ ಲೆಕ್ಕ ಎರಡಾಗಿ ಒಡೆಯಿತು. ಎಕ್ಸೆಲ್‌ನಲ್ಲಿ ಒಂದು ಕಾಲಂ ನಮ್ಮಿಬ್ಬರಿಗೆ, ಇನ್ನೊಂದು ಅಕ್ಕ-ಭಾವನಿಗೆ. ಮೊದಲು ಟಿಕೆಟ್ ದರ. ಅದಕ್ಕೆ ದರದಲ್ಲಿ ಇಲ್ಲದ, ಆದರೆ ನಮಗೆ ಬೇಕೇ ಬೇಕಾದ ಖರ್ಚು ಕೂಡಿಸಿದೆ. ಹಡಗಿನವರ ಅರ್ಧ ದಿನದ ಟೂರಿಗೆ ತಲಾ 100ರಿಂದ 200 ಡಾಲರ್ ಆಗುತ್ತದೆ, ಸಣ್ಣ ಮೊತ್ತವಲ್ಲ. ಬಂದ ಒಟ್ಟನ್ನು ರಾತ್ರಿಗಳಿಂದ ಭಾಗಿಸಿದೆ. ದರದಲ್ಲಿದ್ದೂ ನಾವು ಮುಟ್ಟದ ವಸ್ತುವಿಗೆ ಸೊನ್ನೆ ಬೆಲೆ. ಕ್ಯಾವಿಯರ್ (ಮೀನಿನ ಮೊಟ್ಟೆ) ಎಷ್ಟೇ ಬಡಿಸಲಿ, ನಮ್ಮ ಮನೆಗೆ ಅದು ಸೊನ್ನೆಯೇ.

ಎರಡು ಕಾಲಂಗಳಲ್ಲಿ ಕಂಪನಿಗಳ ಸಾಲೇ ಬೇರೆಯಾಯಿತು. ಭಾವನ ಕಾಲಂನಲ್ಲಿ ರೀಜೆಂಟ್ ಅಂದುಕೊಂಡಷ್ಟು ದುಬಾರಿ ಅನಿಸಲಿಲ್ಲ. ನಮ್ಮ ಕಾಲಂನಲ್ಲಿ ವೈಕಿಂಗ್, ಓಷಿಯಾನಿಯಾ ಮುಂದೆ ಬಂದವು. ವೈಕಿಂಗ್‌ಗೆ ಹೋದರೆ ಭಾವನ ವಿಸ್ಕಿಗೆ ಡ್ರಿಂಕ್ಸ್ ಪ್ಯಾಕೇಜ್ ತೆಗೆಯಬಹುದಲ್ಲ ಅಂತ ನೋಡಿದೆ. ಕ್ರೂಸ್‌ಗಳಲ್ಲಿ ಸಾಮಾನ್ಯವಾಗಿ ಇರುವ ನಿಯಮ ಅಡ್ಡ ಬಂತು: ಒಂದು ಕ್ಯಾಬಿನ್‌ನಲ್ಲಿ ಒಬ್ಬರು ಪ್ಯಾಕೇಜ್ ತೆಗೆದರೆ ಇನ್ನೊಬ್ಬರೂ ತೆಗೆಯಬೇಕು. ಅಕ್ಕ ಜನ್ಮದಲ್ಲಿ ಮುಟ್ಟಿದವಳಲ್ಲ. ಪೆಗ್ ಲೆಕ್ಕದಲ್ಲೇ ದುಡ್ಡು ಕೊಡುವುದು ಅಗ್ಗ ಅಂತ ತೀರ್ಮಾನವಾಯಿತು.

ಊಟದ ವಿಷಯಕ್ಕೆ ಬಂದರೆ ಸ್ವಲ್ಪ ಜಾಸ್ತಿಯೇ ತಲೆ ಕೆಡಿಸಿಕೊಂಡೆ. ನಾವು ನಾಲ್ವರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಓಷಿಯಾನಿಯಾ 2017ರಲ್ಲೇ ಪೂರ್ತಿ ಸಸ್ಯಮೂಲದ ಮೆನು ತಂದಿತು. ಅದೇ ಒಡೆತನದ ರೀಜೆಂಟ್ 2019ರಲ್ಲಿ ತಂದಿತು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಅದು ಪಾಶ್ಚಾತ್ಯ ವೀಗನ್ ಅಡುಗೆ, ಹಾಲು-ಮೊಸರೂ ಇಲ್ಲದ್ದು. ಕಿನೋವಾ, ಆವಕಾಡೊ ಎರಡು ದಿನ ಹಿತ. ಮೂರನೇ ದಿನಕ್ಕೆ ಬಿಸಿ ಅನ್ನ, ಬೇಳೆ, ಮೊಸರು ಬೇಕು ಅನಿಸುತ್ತದೆ ಅಲ್ವಾ?

ಅದಕ್ಕೆ ನಾನು 'ಸಸ್ಯಾಹಾರ ಸಿಗುತ್ತದಾ' ಅಂತ ಕೇಳುವುದನ್ನೇ ಬಿಟ್ಟೆ. ಸಿಗುತ್ತದೆ ಅಂತಲೇ ಎಲ್ಲರೂ ಹೇಳುತ್ತಾರೆ. ನೇರವಾಗಿ ಹೀಗೆ ಬರೆದು ಕಳಿಸಿದೆ: ತರಕಾರಿ ಸೂಪಿಗೆ ಕೋಳಿ ಬೇಯಿಸಿದ ನೀರು (ಸ್ಟಾಕ್) ಹಾಕುತ್ತೀರಾ? ರಿಸೊಟ್ಟೊದ ಮೇಲೆ ಉದುರಿಸುವ ಪಾರ್ಮಿಜಾನೊ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಅದನ್ನು ಬಿಟ್ಟು ಮಾಡಿಕೊಡಬಹುದಾ? ಪನ್ನಾಕೋಟಾ ಎನ್ನುವ ಸಿಹಿಯಲ್ಲಿ ಪ್ರಾಣಿಮೂಲದ ಜಿಲಾಟಿನ್ ಇದೆಯಾ? ದಿನಕ್ಕೊಂದು ಹೊತ್ತು ದಾಲ್, ಅನ್ನ ಸಾಧ್ಯವಾ, ಎಷ್ಟು ದಿನ ಮೊದಲು ತಿಳಿಸಬೇಕು? ಉತ್ತರ ಬಂದ ರೀತಿಯಲ್ಲೇ ಅರ್ಧ ಗೊತ್ತಾಯಿತು. ಒಂದು ಕಡೆಯಿಂದ 'ನಮ್ಮ ಶೆಫ್‌ಗಳು ಸಂತೋಷದಿಂದ ನೋಡಿಕೊಳ್ಳುತ್ತಾರೆ' ಎನ್ನುವ ರೆಡಿಮೇಡ್ ಪತ್ರ ಬಂತು. ಇನ್ನೊಂದು ಕಡೆಯವರು ಒಂದೊಂದು ಪ್ರಶ್ನೆಗೂ ಬೇರೆ ಬೇರೆ ಉತ್ತರ ಕೊಟ್ಟು, ತಿರುಗಿ ಬೆಳ್ಳುಳ್ಳಿ, ಈರುಳ್ಳಿ ಪರವಾಗಿಲ್ಲವಾ ಅಂತ ಕೇಳಿದರು. ಹಾಗೆ ಕೇಳಿದವರ ಮೇಲೆ ನನಗೆ ನಂಬಿಕೆ ಬಂತು.

ಹಡಗಿನ ಗಾತ್ರದ ಬಗ್ಗೆ ಎಲ್ಲರೂ 'ಸಣ್ಣ ಹಡಗು, ವಿಶಾಲ ಹಡಗು' ಅಂತ ಬಾಯಲ್ಲಿ ಹೇಳುತ್ತಾರೆ. ಅದನ್ನು ಅಳೆಯುವ ಸುಲಭ ದಾರಿ ಇದೆ. ಹಡಗಿನ ಗ್ರಾಸ್ ಟನೇಜ್ ಅನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ಈ ಟನೇಜ್ ತೂಕವಲ್ಲ, ಹಡಗಿನ ಒಳಗಿನ ಜಾಗದ ಅಳತೆ. ಸಿಲ್ವರ್‌ಸೀಯ ಸಿಲ್ವರ್ ನೋವಾ ಹಡಗು 54,700 ಟನ್, 728 ಜನ, ತಲಾ ಸುಮಾರು 75. ಎಕ್ಸ್‌ಪ್ಲೋರಾ 1 ಸುಮಾರು 69. ವೈಕಿಂಗ್‌ನ 930 ಜನರ ಹಡಗುಗಳು 51ರ ಆಸುಪಾಸು. ಹೋಲಿಕೆಗೆ, ಜಗತ್ತಿನ ಅತಿ ದೊಡ್ಡ ಹಡಗುಗಳಲ್ಲೊಂದಾದ ಐಕಾನ್ ಆಫ್ ದಿ ಸೀಸ್‌ನಲ್ಲಿ ಕ್ಯಾಬಿನ್‌ಗೆ ಇಬ್ಬರಂತೆ 5,610 ಜನ, ತಲಾ ಸುಮಾರು 44. 51ಕ್ಕೂ 44ಕ್ಕೂ ಇಷ್ಟೇನಾ ವ್ಯತ್ಯಾಸ ಅಂದುಕೊಳ್ಳಬೇಡಿ. ಬಂದರಿನಲ್ಲಿ 930 ಜನ ಇಳಿಯುವುದು ಬೇರೆ, ಐದು ಸಾವಿರ ಜನ ಇಳಿಯುವುದು ಬೇರೆ.

ನನ್ನ ಪ್ರಕಾರ ಜಾಗಕ್ಕಿಂತ ಮುಖ್ಯವಾದದ್ದು ಬಂದರಿನಲ್ಲಿ ಸಿಗುವ ಗಂಟೆಗಳು. ಮಂಗಳೂರಿನವಳಾದ ನನಗೆ ಇದು ಆ ಕಡೆಯಿಂದಲೂ ಗೊತ್ತು. ಸೀಸನ್ ಬಂತೆಂದರೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಬಸ್ಸುಗಳಲ್ಲಿ ಜನರನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಕಾರ್ಕಳದ ಗೊಮ್ಮಟನಿಗೆ, ಕುದ್ರೋಳಿಗೆ, ಗೇರುಬೀಜದ ಫ್ಯಾಕ್ಟರಿಗೆ ಕರೆದುಕೊಂಡು ಹೋಗುತ್ತಾರೆ. ಕತ್ತಲಾಗುವ ಹೊತ್ತಿಗೆ ಹಡಗು ಹೊರಟಿರುತ್ತದೆ. ಅವರು ನೋಡಿದ ಮಂಗಳೂರು ಅಷ್ಟೇ. ನಾವು ಗ್ರೀಸ್‌ನಲ್ಲಿ ಮಾಡುವುದೂ ಅಷ್ಟೇ ಆಗಬಾರದು ಅಂದರೆ ವೇಳಾಪಟ್ಟಿ ಹಿಡಿದು ಕೂರಬೇಕು. ಹಡಗು ಬರುವ ಸಮಯ, ಹೊರಡುವ ಸಮಯ, ರಾತ್ರಿ ಉಳಿಯುವ ಬಂದರು, ಇಡೀ ದಿನ ಸಮುದ್ರದಲ್ಲೇ ಕಳೆಯುವ ದಿನಗಳು, ಎಲ್ಲವನ್ನೂ ಬರೆದುಕೊಂಡೆ. ದರದಲ್ಲಿ ಅಗ್ಗ ಅನಿಸಿದ ಒಂದು ಯಾನದಲ್ಲಿ ಸಮುದ್ರದ ದಿನಗಳೇ ಜಾಸ್ತಿ ಇದ್ದವು.

ಬಂದರಿನ ಹೆಸರಿನ ಪಕ್ಕ ಬ್ರಾಕೆಟ್‌ನಲ್ಲಿ ಇರುವುದನ್ನಂತೂ ತಪ್ಪದೆ ಓದಿ. 2021ರ ಆಗಸ್ಟ್‌ನಿಂದ 25,000 ಟನ್‌ಗಿಂತ ದೊಡ್ಡ ಹಡಗುಗಳು ವೆನಿಸ್‌ನ ಸ್ಯಾನ್ ಮಾರ್ಕೊ ಎದುರು, ಜುಡೆಕ್ಕಾ ಕಾಲುವೆಯಲ್ಲಿ ಹೋಗುವಂತಿಲ್ಲ. ಹಾಗಾಗಿ ಬ್ರೋಷರ್‌ನಲ್ಲಿ ದೊಡ್ಡದಾಗಿ 'ವೆನಿಸ್' ಅಂತ ಇದ್ದು, ಬ್ರಾಕೆಟ್‌ನಲ್ಲಿ ರವೆನ್ನಾ ಅಂತಲೋ ಟ್ರಿಯೆಸ್ಟೆ ಅಂತಲೋ ಇರುತ್ತದೆ. ರವೆನ್ನಾದಿಂದ ವೆನಿಸ್‌ಗೆ ಬಸ್ಸಿನಲ್ಲಿ ಎರಡು ಗಂಟೆಗೂ ಮೇಲೆ. ಕಿಯೊಜಾ ಅಂತಿದ್ದರೆ ವಾಸಿ, ಅದು ವೆನಿಸ್ ಲಗೂನಿನ ದಕ್ಷಿಣ ತುದಿಯಲ್ಲೇ ಇದೆ. ಹಾಗೆಯೇ 'ರೋಮ್' ಅಂದರೆ ಚಿವಿತವೆಕ್ಕಿಯಾ ಬಂದರು, 'ಫ್ಲಾರೆನ್ಸ್' ಅಂದರೆ ಲಿವೊರ್ನೊ ಬಂದರು. ಊರಿಗೆ ಹೋಗಿ ಬರುವ ಬಸ್ಸು ದರದಲ್ಲಿದೆಯಾ ಅಂತ ಅಲ್ಲೇ ಕೇಳಿಬಿಡಿ.

ಅಕ್ಕನ ಮೊಣಕಾಲು ಇನ್ನೊಂದು ಕಾಲಂ ಹಾಕಿಸಿತು. ಸಾಂಟೊರಿನಿಯಂಥ ಕಡೆ ಹಡಗು ದಡಕ್ಕೆ ತಾಗುವುದಿಲ್ಲ. ನಡುನೀರಿನಲ್ಲಿ ನಿಂತು, ಟೆಂಡರ್ ಎನ್ನುವ ಸಣ್ಣ ದೋಣಿಗೆ ಜನರನ್ನು ಇಳಿಸುತ್ತಾರೆ. ಅಲೆ ಇದ್ದರೆ ದೋಣಿ ಮೇಲೆ ಕೆಳಗೆ ಆಡುತ್ತಿರುತ್ತದೆ, ಸರಿಯಾದ ಕ್ಷಣ ನೋಡಿ ಕಾಲಿಡಬೇಕು. ದಡ ಸೇರಿದ ಮೇಲೂ ಊರು ಬಂಡೆಯ ತುದಿಯಲ್ಲಿದೆ: ಕೇಬಲ್ ಕಾರು, ಇಲ್ಲವೇ ನೂರಾರು ಮೆಟ್ಟಿಲು. ಕೇಬಲ್ ಕಾರಿನ ಸಾಲು ಎಷ್ಟು ಉದ್ದ ಅನ್ನುವುದು ಆ ದಿನ ಅಲ್ಲಿ ಇನ್ನೆಷ್ಟು ಹಡಗು ನಿಂತಿವೆ ಅನ್ನುವುದರ ಮೇಲೆ ಹೋಗುತ್ತದೆ. ಎಷ್ಟು ಬಂದರಿನಲ್ಲಿ ಟೆಂಡರ್ ಎಂದು ಕೇಳಿ, ಕಡಿಮೆ ಇರುವ ಯಾನಕ್ಕೆ ಒಂದು ಅಂಕ ಜಾಸ್ತಿ ಕೊಟ್ಟೆ.

ವೀಸಾ ವಿಷಯ ಚುಟುಕಾಗಿ. ಗ್ರೀಸ್, ಇಟಲಿ ಷೆಂಗೆನ್‌ನಲ್ಲಿವೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ. 2023ರ ಜನವರಿ 1ರಿಂದ ಕ್ರೊಯೇಶಿಯಾ ಕೂಡ. ಆದರೆ ನಡುವೆ ಮಾಂಟೆನೆಗ್ರೊದ ಕೊಟೊರ್ ಬಂತೆಂದರೆ ಷೆಂಗೆನ್‌ನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದ ಹಾಗೆ. ಭಾರತದ ಪಾಸ್‌ಪೋರ್ಟ್ ಇರುವವರು ಮಲ್ಟಿಪಲ್ ಎಂಟ್ರಿ ವೀಸಾನೇ ಕೇಳಬೇಕು. ಅದಿದ್ದರೆ ಮಾಂಟೆನೆಗ್ರೊಗೆ ಬೇರೆ ವೀಸಾ ಬೇಡ.

ಕಂಪನಿ ಯಾರದು ಅಂತ ನೋಡುವುದು ಬ್ಯಾಂಕಿನ ಚಾಳಿ, ಆದರೆ ಇಲ್ಲಿ ಕೆಲಸಕ್ಕೆ ಬಂತು. ಹಿಂದೆ ದೊಡ್ಡ ಹಡಗು ಕಂಪನಿಗಳಿವೆ: ಸಿಲ್ವರ್‌ಸೀ ರಾಯಲ್ ಕೆರಿಬಿಯನ್ ಕೈಯಲ್ಲಿದೆ, ಸೀಬೋರ್ನ್ ಕಾರ್ನಿವಲ್‌ನದ್ದು, ಎಕ್ಸ್‌ಪ್ಲೋರಾ ಎಂಎಸ್‌ಸಿಯದ್ದು. ವೈಕಿಂಗ್ 2024ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂತು. ಒಡೆಯರು ಯಾರು ಅನ್ನುವುದು ಯಾಕೆ ಮುಖ್ಯ ಅಂದರೆ, 2022ರ ಜನವರಿಯಲ್ಲಿ ಕ್ರಿಸ್ಟಲ್ ಕ್ರೂಸಸ್ ಎನ್ನುವ ಇನ್ನೊಂದು ದುಬಾರಿ ಕ್ರೂಸ್ ಕಂಪನಿಯ ಒಡೆಯ ಕಂಪನಿ ದಿವಾಳಿಯಾದಾಗ ಏನಾಯಿತು ನೋಡಿ. ಇಂಧನದ ಬಾಕಿಗೆ ಅಮೆರಿಕದ ಕೋರ್ಟು ಕ್ರಿಸ್ಟಲ್ ಸಿಂಫನಿ ಹಡಗನ್ನು ಜಪ್ತಿ ಮಾಡಲು ಹೇಳಿತು. ಹಡಗು ಮಯಾಮಿಗೆ ಹೋಗುವ ಬದಲು ಬಹಾಮಾಸ್‌ನ ಬಿಮಿನಿಗೆ ತಿರುಗಿತು. ಪ್ರಯಾಣಿಕರನ್ನು ಅಲ್ಲಿಂದ ಫೆರಿಯಲ್ಲಿ ಫ್ಲೋರಿಡಾಕ್ಕೆ ಕಳಿಸಿದರು. ಆಮೇಲೆ ಹೊಸ ಒಡೆಯರು ಬಂದು 2023ರಲ್ಲಿ ಹಡಗುಗಳು ಮತ್ತೆ ಹೊರಟವು ಅನ್ನಿ. ಆದರೂ ಮುಂಗಡ ಕಟ್ಟಿ ಕೂತವರ ಪಾಡು ನೆನೆದು, ಮುಂಗಡ ಕಡಿಮೆ ಇರುವ, ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುವ ಕಡೆಯೇ ನೋಡಿದೆ.

ಏಜೆಂಟರಲ್ಲಿ ಒಬ್ಬರು ಕೊಟ್ಟ ಕೊಟೇಶನ್ ಉಳಿದವರಿಗಿಂತ ಎಷ್ಟೋ ಕಡಿಮೆ ಇತ್ತು. ಬಂದರು ಶುಲ್ಕ, ತೆರಿಗೆ ಎಲ್ಲಿ ಅಂದರೆ 'ಅದು ಆಮೇಲೆ ಬರುತ್ತೆ ಮೇಡಂ' ಅಂದರು. ಅಲ್ಲಿಗೆ ಅವರಿಗೆ ನಮಸ್ಕಾರ. ಉಳಿದವರಿಂದ ಎಲ್ಲವನ್ನೂ ಸೇರಿಸಿದ ಒಂದೇ ಮೊತ್ತ, ಯಾವ ತಾರೀಖಿಗೆ ರದ್ದು ಮಾಡಿದರೆ ಎಷ್ಟು ಹೋಗುತ್ತದೆ ಎನ್ನುವ ಪಟ್ಟಿ, ಎರಡನ್ನೂ ಬರಹದಲ್ಲಿ ತರಿಸಿಕೊಂಡೆ.

ಇಲ್ಲಿನ ಏಜೆಂಟರ ಮೂಲಕ ವಿದೇಶಿ ಪ್ಯಾಕೇಜ್ ತೆಗೆದರೆ ಟಿಸಿಎಸ್, ಅಂದರೆ ಮಾರುವವರೇ ಮುಂಚಿತವಾಗಿ ವಸೂಲು ಮಾಡುವ ಆದಾಯ ತೆರಿಗೆ, ಹಿಡಿಯುತ್ತಾರೆ. ನಾವು ಕಟ್ಟುವಾಗ ವರ್ಷಕ್ಕೆ ಒಬ್ಬರಿಗೆ 10 ಲಕ್ಷದವರೆಗೆ ಶೇಕಡಾ 5, ಅದರ ಮೇಲಿನ ಮೊತ್ತಕ್ಕೆ 20 ಇತ್ತು. ಈ ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತದೆ, ಕಟ್ಟುವ ದಿನದ್ದು ಕೇಳಿಕೊಳ್ಳಿ. ದುಡ್ಡು ಎಲ್ಲೂ ಹೋಗುವುದಿಲ್ಲ, ರಿಟರ್ನ್ಸ್ ಸಲ್ಲಿಸುವಾಗ ತೆರಿಗೆಗೆ ಜಮೆಯಾಗುತ್ತದೆ. ಆದರೆ ಅಲ್ಲಿಯವರೆಗೆ ಕೈಯಿಂದ ಬಿಟ್ಟಿರಬೇಕಲ್ಲ. ಆ 10 ಲಕ್ಷದ ಮಿತಿ ಪ್ಯಾನ್‌ಗೆ ಒಂದರಂತೆ ಇತ್ತು. ಅದಕ್ಕೇ ಗಂಡನ ಹೆಸರಲ್ಲಿ ಒಂದೇ ಬಿಲ್ ಮಾಡಿಸದೆ ಇಬ್ಬರ ಪ್ಯಾನ್‌ಗೂ ಬೇರೆ ಬೇರೆ ಬಿಲ್ ಮಾಡಿಸಿದೆ.

ಕೊನೆಗೆ ನಾವು ಹೋಗುವುದು ವೈಕಿಂಗ್ ಅಂತಾಯಿತು. ಕ್ಯಾಸಿನೊ ಇಲ್ಲ, 18ರ ಕೆಳಗಿನವರಿಗೆ ಪ್ರವೇಶ ಇಲ್ಲ, ಎಲ್ಲ ಕ್ಯಾಬಿನ್‌ಗೂ ಬಾಲ್ಕನಿ, ಬಟ್ಟೆ ಒಗೆಯುವ ಮಷಿನ್ ಉಚಿತ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದೇ ಹಡಗು ಆಗಿಬರುವುದಿಲ್ಲ. ಬಟ್ಲರ್ ಬೇಕು, ಸಂಜೆಗೆ ಒಳ್ಳೆಯ ಡ್ರಿಂಕ್ಸ್ ಬೇಕು ಅನ್ನುವವರಿಗೆ ಸಿಲ್ವರ್‌ಸೀನೋ ರೀಜೆಂಟೋ ಸರಿ. ಜಾಸ್ತಿ ಕೊಟ್ಟಿದ್ದಕ್ಕೆ ಮೋಸವಿಲ್ಲ.

ಕ್ಯಾಬಿನ್ ಸಂಖ್ಯೆಯನ್ನು ಏಜೆಂಟ್‌ಗೆ ಬಿಡಲಿಲ್ಲ. ಡೆಕ್ ಪ್ಲಾನ್ ಪ್ರಿಂಟ್ ತೆಗೆದು, ಒಂದು ಡೆಕ್‌ನ ನಕ್ಷೆಯ ಮೇಲೆ ಇನ್ನೊಂದನ್ನು ಇಟ್ಟು ಬೆಳಕಿಗೆ ಹಿಡಿದು ನೋಡಿದೆ. ಮೇಲೆ ಈಜುಕೊಳ ಇದ್ದರೆ ಬೆಳಗ್ಗೆ ಕುರ್ಚಿ ಎಳೆಯುವ ಸದ್ದು, ಕೆಳಗೆ ಥಿಯೇಟರ್ ಇದ್ದರೆ ರಾತ್ರಿ ಸಂಗೀತ. ತೀರಾ ಮುಂದಿದ್ದರೆ ಲಂಗರು ಬಿಡುವ ಸರಪಳಿಯ ಗದ್ದಲ. ಮೇಲೆ, ಕೆಳಗೆ ಎರಡೂ ಕಡೆ ಬರೀ ಕ್ಯಾಬಿನ್‌ಗಳೇ ಇರುವ, ಹಡಗಿನ ನಡುಭಾಗದ, ಕೆಳಗಿನ ಡೆಕ್‌ನ ಎರಡು ಕ್ಯಾಬಿನ್ ಹಿಡಿದೆ. ಅಲ್ಲಿ ಓಲಾಟವೂ ಕಡಿಮೆ. ಲಿಫ್ಟ್ ಹತ್ತಿರವೇ ಇರಲಿ ಅಂತ ಅಕ್ಕ ಹೇಳಿದ್ದಳು, ಅದೂ ಆಯಿತು.

ಮುಂಗಡ ಕಟ್ಟಿ ಆಗಿದೆ. ಪೂರ್ತಿ ದುಡ್ಡು ಕಟ್ಟುವ ತಾರೀಖು ಇನ್ನೂ ದೂರ ಇದೆ. ಅಲ್ಲಿಯವರೆಗೆ ದರ ಇಳಿದರೆ ಹೊಸ ದರಕ್ಕೆ ಬದಲಿಸಿಕೊಡುತ್ತೇವೆ ಅಂತ ಏಜೆಂಟ್ ಮೇಲ್‌ನಲ್ಲಿ ಬರೆದುಕೊಟ್ಟಿದ್ದಾರೆ. ಹಾಗಾಗಿ ಪ್ರತಿ ಸೋಮವಾರ ಬೆಳಗ್ಗೆ ಕಾಫಿ ಕುಡಿಯುತ್ತಾ ಅದೇ ಯಾನ, ಅದೇ ವರ್ಗದ ಕ್ಯಾಬಿನ್ ದರ ನೋಡುತ್ತೇನೆ. ಭಾವ ಬಾರ್ ಮೆನುವಿನಲ್ಲಿ ವಿಸ್ಕಿಯ ರೇಟು ನೋಡುತ್ತಿರುತ್ತಾರೆ.