ಐಪಿಎಲ್ ಮೆಗಾ ಹರಾಜು: ರಿಟೆನ್ಷನ್, ಪರ್ಸ್, ಆರ್‌ಟಿಎಂ ಲೆಕ್ಕ ಹಾಕುವುದು ಹೇಗೆ?

2025ರ ಐಪಿಎಲ್‌ಗೆ ಮುನ್ನ ಕೋಲ್ಕತ್ತ ನೈಟ್ ರೈಡರ್ಸ್ ಆರು ಮಂದಿಯನ್ನು ಒಟ್ಟು 57 ಕೋಟಿಗೆ ಉಳಿಸಿಕೊಂಡಿತು. ಆಗ ಪ್ರತಿ ತಂಡದ ಪರ್ಸ್, ಅಂದರೆ ಆಟಗಾರರಿಗೆ ಖರ್ಚು ಮಾಡಬಹುದಾದ ಒಟ್ಟು ಹಣ, 120 ಕೋಟಿ ಇತ್ತು. ಹಾಗಾದರೆ 63 ಕೋಟಿ ಉಳಿಯಬೇಕಿತ್ತು. ಆದರೆ ಕೆಕೆಆರ್ ಹರಾಜಿಗೆ ಬಂದದ್ದು 51 ಕೋಟಿ ಹಿಡಿದುಕೊಂಡು. ನಡುವಿನ 12 ಕೋಟಿ ಎಲ್ಲಿ ಹೋಯಿತು ಅನ್ನುವುದು ಗೊತ್ತಾದರೆ ರಿಟೆನ್ಷನ್ ಲೆಕ್ಕ ಮುಕ್ಕಾಲು ಪಾಲು ಅರ್ಥವಾದಂತೆ.

ಮೊದಲು ಸ್ಲ್ಯಾಬ್, ಅಂದರೆ ಉಳಿಸಿಕೊಂಡ ಒಬ್ಬೊಬ್ಬರಿಗೂ ನಿಯಮದಲ್ಲಿ ನಿಗದಿಯಾದ ಮೊತ್ತ ಬರೆದುಕೊಳ್ಳಿ. ಆ ಸಲದ ನಿಯಮದಂತೆ ಗರಿಷ್ಠ ಆರು ಆಟಗಾರರು. ಅವರಲ್ಲಿ ಕ್ಯಾಪ್ಡ್, ಅಂದರೆ ದೇಶದ ಪರ ಆಡಿದವರು ಹೆಚ್ಚೆಂದರೆ ಐವರು. ಅನ್‌ಕ್ಯಾಪ್ಡ್ ಹೆಚ್ಚೆಂದರೆ ಇಬ್ಬರು. ಕ್ಯಾಪ್ಡ್ ಆಟಗಾರರಿಗೆ ಕ್ರಮವಾಗಿ 18, 14, 11, 18, 14 ಕೋಟಿ. ಅನ್‌ಕ್ಯಾಪ್ಡ್ ಒಬ್ಬರಿಗೆ 4 ಕೋಟಿ. ನಾಲ್ಕನೆಯವನಿಗೆ ಮತ್ತೆ 18ಕ್ಕೆ ಏರುವುದನ್ನು ಗಮನಿಸಿ. ಮೂವರಿಗಿಂತ ಹೆಚ್ಚು ಕ್ಯಾಪ್ಡ್ ಆಟಗಾರರನ್ನು ಇಟ್ಟುಕೊಳ್ಳುವ ತಂಡಕ್ಕೆ ಇದು ದಂಡವೇ ಸರಿ.

ಈಗ ಎರಡು ಮೊತ್ತ ಕೂಡಿ: ಸ್ಲ್ಯಾಬ್ ಪ್ರಕಾರ ಆಗುವುದು ಒಂದು, ಆಟಗಾರರಿಗೆ ನಿಜವಾಗಿ ಕೊಡುವುದು ಇನ್ನೊಂದು. ಯಾವುದು ಹೆಚ್ಚೋ ಅದೇ ಪರ್ಸ್‌ನಿಂದ ಕಡಿತವಾಗುತ್ತದೆ. ಕೆಕೆಆರ್ ರಿಂಕು ಸಿಂಗ್‌ಗೆ 13, ವರುಣ್ ಚಕ್ರವರ್ತಿ, ನರೈನ್, ರಸೆಲ್ ಮೂವರಿಗೂ ತಲಾ 12 ಕೋಟಿ ಕೊಟ್ಟಿತು. ಒಟ್ಟು 49. ಆದರೆ ನಾಲ್ವರು ಕ್ಯಾಪ್ಡ್ ಆಟಗಾರರ ಸ್ಲ್ಯಾಬ್ 61. ಇಬ್ಬರು ಅನ್‌ಕ್ಯಾಪ್ಡ್‌ಗೆ 8 ಸೇರಿ 69 ಕೋಟಿ ಕಡಿತ. ಆಟಗಾರರೊಂದಿಗೆ ಚೌಕಾಸಿ ಮಾಡಿ ಉಳಿಸಿದ 12 ಕೋಟಿ ಹರಾಜಿನ ಮೇಜಿಗೆ ಬರಲೇ ಇಲ್ಲ. ಆರ್‌ಸಿಬಿಯದು ತಿರುವುಮುರುವು: ಕೊಹ್ಲಿಗೆ 21, ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5, ಒಟ್ಟು 37 ಕೋಟಿ. ದಯಾಳ್ ಅನ್‌ಕ್ಯಾಪ್ಡ್, ಹಾಗಾಗಿ ಸ್ಲ್ಯಾಬ್ ಪ್ರಕಾರ 18, 14, 4 ಸೇರಿ 36. ಹೆಚ್ಚಿನದು 37, ಉಳಿದದ್ದು 83 ಕೋಟಿ.

ಸ್ಲ್ಯಾಬ್ ಮೊತ್ತವನ್ನು ಆಟಗಾರರ ನಡುವೆ ಹೇಗೆ ಹಂಚಬೇಕೆನ್ನುವುದು ತಂಡಕ್ಕೆ ಬಿಟ್ಟದ್ದು. ಮುಂಬೈ ಇಂಡಿಯನ್ಸ್ ಐವರ 75 ಕೋಟಿಯನ್ನು ಬುಮ್ರಾಗೆ 18, ಸೂರ್ಯಕುಮಾರ್ ಮತ್ತು ಹಾರ್ದಿಕ್‌ಗೆ ತಲಾ 16.35, ರೋಹಿತ್‌ಗೆ 16.30, ತಿಲಕ್ ವರ್ಮಾಗೆ 8 ಎಂದು ಹಂಚಿತು. ಕೂಡಿ ನೋಡಿ, ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ಅನ್‌ಕ್ಯಾಪ್ಡ್ ಸ್ಥಾನ ಇಡೀ ಪಟ್ಟಿಯಲ್ಲೇ ಅಗ್ಗದ ಮಾಲು. ಇಲ್ಲಿ ಎಡವುವುದು ದಿನಾಂಕದಲ್ಲಿ. 2024ರ ಅಕ್ಟೋಬರ್ 31ರೊಳಗೆ ದೇಶದ ಪರ ಆಡಿದವನು ಕ್ಯಾಪ್ಡ್. ನಿತೀಶ್ ಕುಮಾರ್ ರೆಡ್ಡಿ ಅಕ್ಟೋಬರ್ 6ರಂದು ಗ್ವಾಲಿಯರ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ ಪದಾರ್ಪಣೆ ಮಾಡಿದ್ದರಿಂದ ಹೈದರಾಬಾದ್ ತಂಡದ ಐದನೇ ಕ್ಯಾಪ್ಡ್ ಸ್ಥಾನ ತುಂಬಿದರು. ಹರ್ಷಿತ್ ರಾಣಾ ಪದಾರ್ಪಣೆ ಮಾಡಿದ್ದು ನವೆಂಬರ್‌ನಲ್ಲಿ, ಪರ್ತ್ ಟೆಸ್ಟ್‌ನಲ್ಲಿ. ಹಾಗಾಗಿ ಕೆಕೆಆರ್‌ಗೆ 4 ಕೋಟಿಗೇ ದಕ್ಕಿದರು. ಐದು ವರ್ಷಗಳಿಂದ ಭಾರತದ ಹನ್ನೊಂದರ ಬಳಗದಲ್ಲಿ ಆಡದ, ಬಿಸಿಸಿಐ ಗುತ್ತಿಗೆಯೂ ಇಲ್ಲದ ಭಾರತೀಯ ಆಟಗಾರನೂ ಇದೇ ಲೆಕ್ಕಕ್ಕೆ ಬರುತ್ತಾನೆ. ಧೋನಿ ಚೆನ್ನೈಗೆ 4 ಕೋಟಿಗೆ ಉಳಿದದ್ದು ಈ ದಾರಿಯಲ್ಲಿ.

ಇನ್ನು ಆರ್‌ಟಿಎಂ (ರೈಟ್ ಟು ಮ್ಯಾಚ್) ಕಾರ್ಡ್, ಅಂದರೆ ಕೈಬಿಟ್ಟ ಆಟಗಾರನನ್ನು ಹರಾಜಿನಲ್ಲಿ ನಿಂತ ಬೆಲೆಗೆ ವಾಪಸ್ ಪಡೆಯುವ ಹಕ್ಕು. ಆರರಿಂದ ರಿಟೇನ್ ಮಾಡಿದವರ ಸಂಖ್ಯೆ ಕಳೆದರೆ ಕಾರ್ಡ್ ಎಷ್ಟೆಂದು ಸಿಗುತ್ತದೆ. ಆದರೆ ಕ್ಯಾಪ್ಡ್ ಐದು, ಅನ್‌ಕ್ಯಾಪ್ಡ್ ಎರಡು ಎಂಬ ಮಿತಿ ಕಾರ್ಡ್‌ಗೂ ಅನ್ವಯ. ಐವರು ಕ್ಯಾಪ್ಡ್ ಆಟಗಾರರನ್ನು ಉಳಿಸಿಕೊಂಡ ಹೈದರಾಬಾದ್‌ಗೆ ಅನ್‌ಕ್ಯಾಪ್ಡ್ ಕಾರ್ಡ್ ಮಾತ್ರ ಉಳಿಯಿತು. ಇಬ್ಬರು ಅನ್‌ಕ್ಯಾಪ್ಡ್‌ಗಳನ್ನಷ್ಟೇ ಇಟ್ಟುಕೊಂಡ ಪಂಜಾಬ್‌ಗೆ ನಾಲ್ಕು ಕಾರ್ಡ್, ನಾಲ್ಕೂ ಕ್ಯಾಪ್ಡ್.

ಕಾರ್ಡ್ ಬಳಸುವ ಕ್ರಮ ಹೀಗೆ. ಬಿಡ್ ನಿಂತ ಮೇಲೆ ಹಳೆಯ ತಂಡವನ್ನು ಕೇಳುತ್ತಾರೆ. ಅದು ಹೂಂ ಎಂದರೆ, ಅತಿ ಹೆಚ್ಚು ಕೂಗಿದ ತಂಡಕ್ಕೆ ಬೆಲೆ ಏರಿಸಲು ಇನ್ನೊಂದೇ ಅವಕಾಶ. ಎಷ್ಟು ಏರಿಸಬೇಕು ಎನ್ನುವುದಕ್ಕೆ ಮಿತಿಯಿಲ್ಲ. ಏರಿಸಿದ ಬೆಲೆಗೆ ಹಳೆಯ ತಂಡ ಒಪ್ಪಿದರೆ ಆಟಗಾರ ಅದರ ಪಾಲು. ರಿಷಭ್ ಪಂತ್ ಲಖನೌಗೆ 20.75 ಕೋಟಿಗೆ ನಿಂತಿದ್ದರು. ಡೆಲ್ಲಿ ಕಾರ್ಡ್ ಎತ್ತಿತು. ಲಖನೌ ಒಂದೇ ನೆಗೆತಕ್ಕೆ 27 ಎಂದಿತು. ಡೆಲ್ಲಿ ಹಿಂದೆ ಸರಿಯಿತು. ಅರ್ಷದೀಪ್ ಸಿಂಗ್ ವಿಷಯದಲ್ಲಿ ಹೈದರಾಬಾದ್ 15.75ರಿಂದ 18ಕ್ಕೆ ಏರಿಸಿತು, ಪಂಜಾಬ್ ಒಪ್ಪಿಕೊಂಡಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹರಾಜಿಗೆ ಬರುವಾಗ ಲಖನೌ ಬಳಿ 69 ಕೋಟಿ ಇತ್ತು, ಹೈದರಾಬಾದ್ ಬಳಿ 45. ಕಾರ್ಡ್ ಎತ್ತುವ ಮೊದಲು ಎದುರಾಳಿಯ ಜೇಬು ನೋಡಬೇಕು ಎನ್ನುವುದು ಅದಕ್ಕೇ. ಜೊತೆಗೆ, ಆ ಆಟಗಾರನಿಗೆ ನಿಮ್ಮ ಕೊನೆಯ ಬೆಲೆ ಎಷ್ಟೆಂದು ಹಿಂದಿನ ರಾತ್ರಿಯೇ ಬರೆದಿಟ್ಟಿರಬೇಕು. ಮೇಜಿನ ಮುಂದೆ ಕೂತು ಯೋಚಿಸಲು ಸಿಗುವುದು ಕೆಲವೇ ಕ್ಷಣ.

ಕಾರ್ಡ್ ಇದೆಯೆಂದು ಬಳಸಲೇಬೇಕಿಲ್ಲ. ಸಿರಾಜ್ 12.25 ಕೋಟಿಗೆ ಗುಜರಾತ್‌ಗೆ, ವಿಲ್ ಜ್ಯಾಕ್ಸ್ 5.25 ಕೋಟಿಗೆ ಮುಂಬೈಗೆ ಹೋದಾಗ ಆರ್‌ಸಿಬಿ ಸುಮ್ಮನಿತ್ತು. ಅಭಿಮಾನಿಗಳು ಬೈದರು. ಅದೇ ತಂಡ ಹೇಜಲ್‌ವುಡ್‌ಗೆ 12.50, ಸಾಲ್ಟ್‌ಗೆ 11.50, ಜಿತೇಶ್‌ಗೆ 11, ಭುವನೇಶ್ವರ್‌ಗೆ 10.75, ಕೃಣಾಲ್‌ಗೆ 5.75 ಕೋಟಿ ಎಂದು ಹಣ ಹರಡಿ 2025ರ ಕಪ್ ಗೆದ್ದಿತು.

ಹರಾಜಿನ ಹಾಳೆ ತಯಾರಿಸುವಾಗ ಹನ್ನೊಂದು ಮಂದಿ ಮತ್ತು ಪಂದ್ಯದ ನಡುವೆ ಬದಲಿಯಾಗಿ ಇಳಿಯುವ ಇಂಪ್ಯಾಕ್ಟ್ ಆಟಗಾರನ ಸ್ಥಾನಗಳನ್ನು ಮೊದಲು ಬರೆಯಿರಿ, ಪ್ರತಿ ಸ್ಥಾನಕ್ಕೂ ಮೂರು ಹೆಸರು. ತಂಡದಲ್ಲಿ ಕನಿಷ್ಠ 18, ಗರಿಷ್ಠ 25 ಜನ. ವಿದೇಶಿಯರು 8 ಮೀರುವಂತಿಲ್ಲ, ಆಡುವ ಬಳಗದಲ್ಲಿ ನಾಲ್ವರು ಮಾತ್ರ. ಹಾಗಾಗಿ ಐದನೇ ವಿದೇಶಿಗೆ ದೊಡ್ಡ ಹಣ ಸುರಿಯುವುದು ಬೆಂಚಿಗೆ ಬಾಡಿಗೆ ಕಟ್ಟಿದಂತೆ. ಕನಿಷ್ಠ ಮೂಲಬೆಲೆ 30 ಲಕ್ಷ. ಐದು ಜಾಗ ತುಂಬಬೇಕಿದ್ದರೆ ಒಂದೂವರೆ ಕೋಟಿಯನ್ನು ಮುಟ್ಟದೆ ಬದಿಗಿಡಿ.

ಮೆಗಾ ಹರಾಜಿನ ನಂತರದ ವರ್ಷಗಳ ಮಿನಿ ಹರಾಜಿನಲ್ಲಿ ಸ್ಲ್ಯಾಬೂ ಇಲ್ಲ, ಕಾರ್ಡೂ ಇಲ್ಲ. ಆಟಗಾರನನ್ನು ಕೈಬಿಟ್ಟರೆ ಅವನ ಪೂರ್ತಿ ಬೆಲೆ ಪರ್ಸ್‌ಗೆ ವಾಪಸ್. ಅಲ್ಲಿ ವಿದೇಶಿ ಆಟಗಾರನಿಗೆ ಸಿಗುವ ಹಣಕ್ಕೆ 18 ಕೋಟಿ ಮಿತಿಯಿದೆ: 2025ರ ಡಿಸೆಂಬರ್‌ನಲ್ಲಿ ಅಬುಧಾಬಿಯಲ್ಲಿ ಕ್ಯಾಮರೂನ್ ಗ್ರೀನ್‌ಗೆ ಕೆಕೆಆರ್ 25.20 ಕೋಟಿ ಕೂಗಿದರೂ ಅವರಿಗೆ ದಕ್ಕಿದ್ದು 18, ಮಿಕ್ಕದ್ದು ಬಿಸಿಸಿಐಗೆ. ಅದೇ ಹರಾಜಿನಲ್ಲಿ ವೆಂಕಟೇಶ್ ಅಯ್ಯರ್ ಕೂಡ ಇದ್ದರು. ಹಿಂದಿನ ವರ್ಷ ಆರ್‌ಸಿಬಿಯ ಪೈಪೋಟಿಯಲ್ಲಿ ಕೆಕೆಆರ್ ಅವರಿಗೆ 23.75 ಕೋಟಿ ತೆತ್ತು, ಒಂದೇ ಸೀಸನ್‌ಗೆ ಬಿಟ್ಟುಕೊಟ್ಟಿತ್ತು. ಈ ಸಲ ಆರ್‌ಸಿಬಿ 7 ಕೋಟಿಗೆ ಕರೆದುಕೊಂಡಿತು.